ಸೊಟ್ಟ ಗೆರೆಯ ಚೌಕಾಬಾರ

ಕಲಬುರಗಿಯ ಪಾಲಿಟೆಕ್ನಿಕ್ಕಿನ ಕಂಪ್ಯೂಟರ್ ಲ್ಯಾಬಿನಲ್ಲಿ ನಾವಿಬ್ಬರು ಇನ್‌ಸ್ಟ್ರಕ್ಟರುಗಳಿದ್ದೆವು. ಬಾಗಿಲ ಹೊರಗೆ ಚಪ್ಪಲಿಗಳು ಸಾಲಾಗಿರಬೇಕು, ಸಂಜೆ ಎಲ್ಲ ಮಾನಿಟರುಗಳಿಗೂ ಬಟ್ಟೆಯ ಹೊದಿಕೆ ಬೀಳಬೇಕು. ಇವು ನನ್ನ ಕಟ್ಟಳೆಗಳು. ಗಂಟೆ ಹೊಡೆದರೆ ಏಳುವ, ಗಂಟೆ ಹೊಡೆದರೆ ಉಣ್ಣುವ ವಸತಿ ಶಾಲೆಯಲ್ಲಿ ಬೆಳೆದವನು ನಾನು. ಅದು ಮೈಯಿಂದ ಹೋಗಲೇ ಇಲ್ಲ. ನನ್ನ ಗೆಳೆಯನಿಗೆ ಗಾಜಿಪುರ ಓಣಿಯಲ್ಲಿ ಮನೆ. ಚಹಾದ ಕಪ್ಪನ್ನು ಕೀಬೋರ್ಡಿನ ಮೇಲಿಟ್ಟು ಮರೆಯುವ ಮನುಷ್ಯ. ಅವನು ನನ್ನನ್ನು ಹವಾಲ್ದಾರ ಎಂದು ಕರೆಯುತ್ತಿದ್ದ. ನಾನು ಅವನನ್ನು ಉಸ್ತಾದ್ ಎನ್ನುತ್ತಿದ್ದೆ. ನಮ್ಮ ಮನೆಯಲ್ಲಿ ಮರಾಠಿ, ಅವನ ಮನೆಯಲ್ಲಿ ಉರ್ದು. ಇಬ್ಬರೂ ಸೇರಿದರೆ ಕನ್ನಡ.

ಆಗ ಮಶೀನುಗಳು ಕಡಿಮೆ. ಹಾಗಾಗಿ ನಮ್ಮಲ್ಲಿ ಒಂದು ರೂಢಿ ಬೆಳೆಯಿತು. ಅವನು ಬೆನ್ನ ಹಿಂದೆ ನಿಂತು ಕೋಡು ಹೇಳುತ್ತಿದ್ದ, ನಾನು ಕುಳಿತು ಟೈಪು ಮಾಡುತ್ತಿದ್ದೆ. ಆವರಣ ಚಿಹ್ನೆ ತೆರೆಯಬೇಕಾದರೆ ‘ಖೋಲ್’ ಎನ್ನುತ್ತಿದ್ದ, ಮುಚ್ಚಬೇಕಾದರೆ ‘ಬಂದ್’. ಸಾಲು ಮುಗಿದರೆ ‘ಬಸ್’. ಹುಡುಗರು ಇದನ್ನು ಕೇಳಿ ನಗುತ್ತಿದ್ದರು. ಆದರೆ ಹೀಗೆ ಬರೆದ ಕೋಡಿನಲ್ಲಿ ಒಂದೇ ಒಂದು ಆವರಣ ತಪ್ಪಿದ್ದು ನನಗೆ ನೆನಪಿಲ್ಲ.

ಹಾಗೆ ಹುಟ್ಟಿದ್ದು ಅವನ ಚೌಕಾಬಾರ. ಐದು ಸಾಲು, ಸಾಲಿಗೆ ಐದು ಮನೆ, ಕವಡೆ ಎಸೆದು ಕಾಯಿ ನಡೆಸುವ ಆಟ. ಗಾಜಿಪುರದ ಮನೆಯ ಅಂಗಳದ ಫರ್ಸಿಕಲ್ಲಿನ ಮೇಲೆ ಅವನ ತಾಯಿ ಉಳಿಯಿಂದ ಕೆತ್ತಿಕೊಂಡ ಪಟ ಅದು. ಕೆತ್ತುವಾಗ ಕೈ ಜಾರಿ ಮೂರನೆಯ ಗೆರೆ ಬಲಕ್ಕೆ ವಾಲಿತ್ತು. ಅಣ್ಣತಮ್ಮಂದಿರ ನಡುವೆ ಮನೆ ಪಾಲಾಗಿ ಅಂಗಳಕ್ಕೆ ಟೈಲ್ಸ್ ಬಿದ್ದವು. ಬೀಳುವ ಮುಂಚೆ ಅವನು ಅಳತೆಪಟ್ಟಿ ಹಿಡಿದು ಆ ಪಟವನ್ನು ಅಳೆದುಕೊಂಡು ಬಂದಿದ್ದ, ಅದೇ ಅಳತೆಯಲ್ಲಿ ಪರದೆಯ ಮೇಲೆ ಬರೆದ. ಮೂರನೆಯ ಗೆರೆ ಅಲ್ಲಿಯೂ ವಾಲಿತು.

“ಇದನ್ನ ನೆಟ್ಟಗ ಮಾಡು,” ಎಂದೆ.

“ನೆಟ್ಟಗ ಮಾಡಿದರ ಅದು ನಿನ್ನ ಪಟ ಆಗ್ತದ. ಅಮ್ಮೀಜಾನ್‌ದು ಆಗಂಗಿಲ್ಲ. ಮುಂದಿಂದು ಬರಿ.”

ಲ್ಯಾಬಿನ ಹುಡುಗರೆಲ್ಲ ಅದನ್ನು ಆಡಿದರು. ಆಮೇಲೆ ಹಳೆಯ ಮಶೀನುಗಳು ಹೋದವು, ಹೊಸವು ಬಂದವು. ಆ ಆಟಕ್ಕೆ ಆಧಾರವಾಗಿದ್ದ ಹಳೆಯ ಕಂಪೈಲರಿನ ಚಿತ್ರ ಬರೆಯುವ ಸಲಕರಣೆ ಹೊಸ ಮಶೀನುಗಳಲ್ಲಿ ನಡೆಯಲಿಲ್ಲ. ಆಟ ನಿಂತಿತು. ಫ್ಲಾಪಿಯಿಂದ ಸೀಡಿಗೆ, ಸೀಡಿಯಿಂದ ಪೆನ್‌ಡ್ರೈವಿಗೆ ನಾನು ಕೋಡನ್ನು ದಾಟಿಸಿ ಇಟ್ಟಿದ್ದೆ. ಯಾವುದನ್ನೂ ಎಸೆಯದಿರುವುದು ನನ್ನ ಅಭ್ಯಾಸ, ಅದಕ್ಕೆ ಬೇರೆ ಕಾರಣವೇನೂ ಇರಲಿಲ್ಲ.

ಇಬ್ಬರೂ ನಿವೃತ್ತರಾದೆವು. ನಾನು ಕೋಟನೂರಿನ ಕಡೆಯ ಹೊಸ ಬಡಾವಣೆಗೆ ಬಂದೆ. ಅವನ ಹೆಂಡತಿ ತೀರಿಕೊಂಡ ಮೇಲೆ ಕಮಲಾಪುರದಲ್ಲಿ ಶಾಲೆಯ ಶಿಕ್ಷಕಿಯಾಗಿದ್ದ ಮಗಳು ಅವನನ್ನು ಕರೆದುಕೊಂಡು ಹೋದಳು. ಸಕ್ಕರೆ ಕಾಯಿಲೆ ಅವನ ಕಣ್ಣಿಗೆ ಇಳಿದಿತ್ತು. ಎಡಗಣ್ಣು ಆಗಲೇ ಹೋಗಿತ್ತು. ಬಲಗಣ್ಣಿನ ಹಿಂದಿನ ಪರದೆಯಲ್ಲಿ ರಕ್ತ ಜಿನುಗುತ್ತಿದೆ, ಲೇಸರಿನಿಂದ ತಡೆಯುತ್ತಿದ್ದೇವೆ, ಯಾವಾಗ ಬೇಕಾದರೂ ತುಂಬಿಕೊಳ್ಳಬಹುದು ಎಂದು ಡಾಕ್ಟರು ಹೇಳಿದ್ದರು.

ನಾನು ಬೆಳಗಿನ ನಡಿಗೆ ಮುಗಿಸಿ ಬಂದ ಮೇಲೆ ನಮ್ಮಿಬ್ಬರ ಫೋನು. ಅದು ದಿನವೂ ತಪ್ಪದು. ಒಂದು ದಿನ ಅವನು ಕೇಳಿದ, “ಹವಾಲ್ದಾರ, ನನ್ನ ಆಟ ನಿನ್ನ ಹತ್ರ ಅದ ಏನು?”

“ಅದ.”

“ನಡೀತದ?”

“ಇಲ್ಲ.”

“ನಡೆಸು ಮತ್ತ. ಆ ಪಟ ಒಂದ್ಸಲ ನೋಡಬೇಕು. ಅಂಗಳ ಹೋಯ್ತು, ಅಮ್ಮೀ ಹೋದಳು. ಪಟ ಈಗ ನಿನ್ನ ಪೆನ್‌ಡ್ರೈವಿನ್ಯಾಗಷ್ಟೇ ಉಳದದ. ಕಣ್ಣು ಇರೋತನಕ ತೋರ್ಸು.”

ನಾನು ಅಂದೇ ಕೆಲಸಕ್ಕೆ ಕೂತೆ. ನನ್ನ ಮಶೀನಿನಲ್ಲಿ ಲಿನಕ್ಸ್, ಅವನ ಮಗಳ ಲ್ಯಾಪ್‌ಟಾಪಿನಲ್ಲಿ ವಿಂಡೋಸ್. ಎರಡರಲ್ಲೂ ಒಂದೇ ಕೋಡು ನಡೆಯಬೇಕು. ಇಂಥ ಕೆಲಸಕ್ಕೆಂದೇ ಆಟ ಬರೆಯುವವರು ಬಳಸುವ ಲೈಬ್ರರಿಗಳಿವೆ, ಅಂದರೆ ಬೇರೆಯವರು ಬರೆದಿಟ್ಟ ಕೋಡಿನ ಕಟ್ಟುಗಳು. ಕಿಟಕಿ ತೆರೆಯುವುದು, ಗೆರೆ ಎಳೆಯುವುದು, ಬಣ್ಣ ತುಂಬುವುದು, ಕೀಲಿ ಒತ್ತಿದ್ದನ್ನು ತಿಳಿಯುವುದು, ಶಬ್ದ ಹೊರಡಿಸುವುದು, ಇಷ್ಟನ್ನೂ ಯಾವ ಮಶೀನಾದರೂ ಸರಿ ಅವು ಮಾಡಿಕೊಡುತ್ತವೆ. ಎಲ್ಲರಿಗೂ ಉಚಿತವಾಗಿ ಸಿಗುವ ಒಂದರ ಮೂಲ ಕೋಡನ್ನು ಇಳಿಸಿಕೊಂಡು ನಾನೇ ಕಟ್ಟಲು ಶುರುಮಾಡಿದೆ. ಸಿದ್ಧವಾಗಿದ್ದನ್ನು ತರಬಹುದಿತ್ತು. ಒಳಗೆ ಏನಿದೆ ಎಂದು ನೋಡದ ವಸ್ತುವನ್ನು ಬಳಸುವುದು ನನಗಾಗದು.

ಕಟ್ಟುವಾಗ ಯಾವ ಯಾವ ಭಾಗ ಬೇಕು ಎಂದು ಅದು ಕೇಳುತ್ತದೆ. ಚಿತ್ರದ ಭಾಗ ಸಲೀಸಾಗಿ ಕಟ್ಟಿಕೊಂಡಿತು. ಶಬ್ದದ ಭಾಗ ಇನ್ನೂ ನಾಲ್ಕಾರು ಬೇರೆ ಲೈಬ್ರರಿಗಳನ್ನು ಬೇಡುತ್ತಿತ್ತು, ಅವುಗಳಲ್ಲಿ ಒಂದು ಕಟ್ಟಲು ಒಪ್ಪಲಿಲ್ಲ. ಫೋನಿನಲ್ಲಿ ಅವನಿಗೆ ಹೇಳಿದೆ.

“ಅವಾಜ್ ಬಿಡು,” ಎಂದ. “ಮೊದಲ ಪಟದ ಸೂರತ್ ತೋರ್ಸು. ಕಣ್ಣಿಗೆ ಟೈಮ್ ಇಲ್ಲ. ಕಿವಿಗೆ ಬೇಕಾದಷ್ಟದ.”

ಸರಿಯಾದ ಮಾತು. ಶಬ್ದವಿಲ್ಲದೆ ಲೈಬ್ರರಿ ಕಟ್ಟಿದೆ. ಅವನು ಬರೆದ ಸಾಲುಗಳಲ್ಲಿ ಒಂದನ್ನೂ ಮುಟ್ಟಲಿಲ್ಲ. ಅವನ ಕೋಡು ಹಳೆಯ ಹೆಸರುಗಳಲ್ಲಿ ಗೆರೆ ಕೇಳಿದರೆ, ಹೊಸ ಲೈಬ್ರರಿಯಿಂದ ತಂದುಕೊಡುವ ಒಂದು ನಡುವಿನ ಫೈಲು ಬರೆದೆ. ಶಬ್ದದ ಹೆಸರುಗಳನ್ನೂ ಅದರಲ್ಲಿ ಬರೆದೆ, ಆದರೆ ಒಳಗೆ ಏನೂ ಇಡಲಿಲ್ಲ. ಆಟ ಶಬ್ದ ಕೇಳಿದಾಗ ಕರೆ ಹೋಗುತ್ತದೆ, ಏನೂ ಆಗದೆ ಹಿಂತಿರುಗುತ್ತದೆ.

ಆಟ ನನ್ನ ಮಶೀನಿನಲ್ಲಿ ಎದ್ದು ನಿಂತಿತು. ಹಸಿರು ನೆಲ, ಬಿಳಿ ಗೆರೆ, ಮೂರನೆಯದು ಸೊಟ್ಟ. ವಿಂಡೋಸಿಗೂ ಒಂದು ಪ್ರತಿ ಕಟ್ಟಿ ಪೆನ್‌ಡ್ರೈವಿಗೆ ಹಾಕಿ ಹುಮನಾಬಾದ್ ಕಡೆಯ ಬಸ್ಸು ಹತ್ತಿದೆ.

ಕಮಲಾಪುರದಲ್ಲಿ ಇಳಿದರೆ ರಸ್ತೆಯ ಬದಿಗೆ ಕೆಂಪು ಬಾಳೆಹಣ್ಣಿನ ಗಾಡಿಗಳು. ಅವನಿಗೆ ಅದನ್ನು ತಿನ್ನುವಂತಿಲ್ಲ, ಮಗಳಿಗೆಂದು ಒಂದು ಡಜನ್ ಕಟ್ಟಿಸಿಕೊಂಡೆ. ಮನೆ ಶಾಲೆಯ ಹಿಂಭಾಗಕ್ಕಿತ್ತು. ಅವನು ಲ್ಯಾಪ್‌ಟಾಪನ್ನು ಮೇಜಿನ ಮೇಲೆ ತೆರೆದಿಟ್ಟುಕೊಂಡು, ಕೈಯಲ್ಲಿ ಭೂತಗನ್ನಡಿ ಹಿಡಿದು ಕಾಯುತ್ತಿದ್ದ. ಪೆನ್‌ಡ್ರೈವ್ ಹಾಕಿ ಆಟದ ಮೇಲೆ ಒತ್ತಿದೆ. ಒಂದು ಸಣ್ಣ ಚೌಕ ಬಂತು. ಇಂಥ ಲೈಬ್ರರಿ ಫೈಲು ಸಿಗುತ್ತಿಲ್ಲ, ಆಟ ಆರಂಭಿಸಲಾಗದು ಎಂದು ಅದರಲ್ಲಿ ಬರೆದಿತ್ತು.

ಅವನು ಮುಖವನ್ನು ಪರದೆಗೆ ತಾಗಿಸಿ, ಭೂತಗನ್ನಡಿ ಸರಿಸುತ್ತ ಒಂದೊಂದೇ ಅಕ್ಷರ ಓದಿದ. ಓದಿ ಮುಗಿಸಿ ನಗಲು ಶುರುಮಾಡಿದ.

“ಹವಾಲ್ದಾರ, ನೌಶಾ ಮದಿಮಗನ್ನ ಕರಕೊಂಡು ಬಂದಿ. ಬರಾತಿನ ದಿಬ್ಬಣ ಎಲ್ಲಿ ಬಿಟ್ಟಿ?”

“ಮನ್ಯಾಗ. ಅದರ ಜಾಗಾದಾಗ ಇಟ್ಟೀನಿ.”

“ಅದರ ಜಾಗಾ! ಮದುವಿ ಇಲ್ಲಿ, ಬರಾತ ಅದರ ಜಾಗಾದಾಗ. ಬೇಟೀ, ಚಾಚಾಗ ಚಹಾ ಕೊಡು. ದಣದು ಬಂದಾನ, ಖಾಲಿ ಕೈಲೆ.”

ಆಗಿದ್ದು ಇಷ್ಟೇ. ಲೈಬ್ರರಿಯನ್ನು ಆಟದೊಂದಿಗೆ ಎರಡು ರೀತಿಯಲ್ಲಿ ಕೂಡಿಸಬಹುದು. ಒಂದರಲ್ಲಿ ಲೈಬ್ರರಿ ಬೇರೆ ಫೈಲಾಗಿ ಉಳಿಯುತ್ತದೆ, ಆಟ ಓಡುವಾಗ ಅದನ್ನು ಹುಡುಕಿಕೊಳ್ಳುತ್ತದೆ. ಇನ್ನೊಂದರಲ್ಲಿ ಬೇಕಾದಷ್ಟು ಭಾಗ ಆಟದ ಹೊಟ್ಟೆಯೊಳಗೇ ಸೇರಿಬಿಡುತ್ತದೆ. ನಾನು ಮಾಡಿದ್ದು ಮೊದಲನೆಯ ರೀತಿ. ಲೈಬ್ರರಿಗಳು ಲೈಬ್ರರಿಗಳ ಫೋಲ್ಡರಿನಲ್ಲಿ, ಆಟ ಆಟದ ಫೋಲ್ಡರಿನಲ್ಲಿ. ತರುವಾಗ ಆಟದ ಫೋಲ್ಡರನ್ನು ತಂದಿದ್ದೆ.

“ಆ ಫೈಲು ಇವತ್ತೇ ಕಳಸ್ತೀನಿ, ನಿನ್ನ ಮಗಳು ಹಾಕ್ಕೊಳ್ಳಲಿ,” ಎಂದೆ.

ಅವನು ತಲೆಯಾಡಿಸಿದ. “ಬ್ಯಾಡ. ಎಲ್ಲಾ ಕೂಡಿಸಿ ಒಂದೇ ಫೈಲ್ ಮಾಡು. ಮುಂದ ಯಾವ ಮಶೀನ್ ಬಂದರೂ ಯಾರನ್ನೂ ಏನೂ ಕೇಳದೆ ನಡೀಬೇಕು. ನಾ ಇಲ್ದಾಗೂ, ನೀ ಇಲ್ದಾಗೂ.”

“ತಡ ಆಗ್ತದ. ಕಣ್ಣು?”

“ಲೇಸರ್ ಮಾಡ್ಯಾರ. ನಡೀತದ ಒಂದೀಟು ದಿನ. ನೀ ಬರೋಬ್ಬರಿ ಮಾಡ್ಕೊಂಡು ಬಾ. ಅಮ್ಮೀ ಪಟ ಅದು, ಅರ್ಧಾಮರ್ಧಾ ತೋರಿಸಬ್ಯಾಡ.”

ಕಲಬುರಗಿಗೆ ಹಿಂತಿರುಗಿ ಎರಡನೆಯ ರೀತಿಯಲ್ಲಿ ಕಟ್ಟಲು ಕೂತೆ. ಇಲ್ಲಿ ಲಿಂಕರಿನ ಕೆಲಸ ಹೆಚ್ಚು. ಕಂಪೈಲರ್ ಪ್ರತಿ ಫೈಲನ್ನೂ ಬಿಡಿಯಾಗಿ ಓದಿ ಮಶೀನಿನ ಭಾಷೆಗೆ ತಿರುಗಿಸುತ್ತದೆ. ಆಟದ ಫೈಲು ‘ಗೆರೆ ಎಳೆ’ ಎಂದಷ್ಟೇ ಕೇಳಿರುತ್ತದೆ, ಎಳೆಯುವ ಕೆಲಸ ಇನ್ನೊಂದರಲ್ಲಿರುತ್ತದೆ. ಕೇಳಿದ್ದನ್ನೂ ಕೊಡುವುದನ್ನೂ ಹುಡುಕಿ ಗಂಟು ಹಾಕುವುದು ಲಿಂಕರ್. ನನ್ನ ಲಿಂಕರ್ ಗಂಟು ಹಾಕಲು ಒಪ್ಪಲಿಲ್ಲ. ಪರದೆ ತುಂಬ ಒಂದೇ ದೂರು: ಈ ಹೆಸರು ಎಲ್ಲಿಯೂ ಸಿಗಲಿಲ್ಲ, ಆ ಹೆಸರು ಎಲ್ಲಿಯೂ ಸಿಗಲಿಲ್ಲ. ಸಿಗಲಿಲ್ಲವೆಂದ ಹೆಸರುಗಳೆಲ್ಲ ಲೈಬ್ರರಿಗಳಲ್ಲಿ ಇದ್ದವು. ನಾನೇ ತೆಗೆದು ನೋಡಿದೆ, ಒಂದೂ ತಪ್ಪಿರಲಿಲ್ಲ. ಎಲ್ಲವನ್ನೂ ಅಳಿಸಿ ಮೊದಲಿನಿಂದ ಕಟ್ಟಿದೆ. ಮತ್ತೆ ಅದೇ ದೂರು. ಬೆಳಿಗ್ಗೆ ಸ್ನಾನ, ಪೂಜೆ, ನಡಿಗೆ, ಆಮೇಲೆ ಕಟ್ಟುವುದು. ಮಧ್ಯಾಹ್ನ ಊಟ, ಆಮೇಲೆ ಅಳಿಸುವುದು. ಹೀಗೆ ಎರಡು ವಾರದ ಮೇಲೆ ಹೋಯಿತು.

ನಾಚಿಕೆ ಬಿಟ್ಟು ಒಂದು ಬೆಳಿಗ್ಗೆ ಫೋನಿನಲ್ಲಿ ದೂರುಗಳನ್ನು ಅವನಿಗೆ ಓದಿಹೇಳಿದೆ. ಹಳೆಯ ರೂಢಿಯೇ, ಈ ಸಲ ಹೇಳುವವನು ನಾನು, ಕೇಳುವವನು ಅವನು. ಅವನು ನಡುವೆ ತಡೆಯಲಿಲ್ಲ. ಎಲ್ಲ ಮುಗಿದ ಮೇಲೆ ಕೇಳಿದ:

“ಲೈಬ್ರರಿ ಹೆಸರು ಯಾವ ಪಾಳೀ ಪ್ರಕಾರ ಹಾಕೀದಿ?”

“ಅಕ್ಷರಗಳ ಕ್ರಮದಾಗ.”

ಆ ಕಡೆಯಿಂದ ನಗು ಬಂತು, ನಗು ಕೆಮ್ಮಾಯಿತು, ಕೆಮ್ಮು ನಿಲ್ಲುವವರೆಗೆ ಕಾದೆ.

“ಯಾ ಅಲ್ಲಾ! ಹಾಜರಿ ಕರ್ಯಾಕತ್ತೀದೇನು? ಅದು ಕ್ಲಾಸ್ ಅಲ್ಲೋ, ಲಿಂಕರ್ ಅದು. ಎಡದಿಂದ ಬಲಕ ಒಂದೇ ಸಲ ಹೋಗ್ತದ, ಹೊಳ್ಳಿ ನೋಡಂಗಿಲ್ಲ. ಬೇಡಾಂವ ಮೊದಲ ಬರಬೇಕು, ಕೊಡಾಂವ ಅವನ ಹಿಂದ. ನೀ ಕೊಡಾಂವನ್ನ ಮುಂದ ನಿಲ್ಲಿಸೀದಿ. ಆಗ ಯಾರೂ ಬೇಡಿರಲಿಲ್ಲ, ಅಂವ ಕೈ ಬೀಸ್ಕೋತ ಹೋದ.”

ನಾನು ಕಲಿಸಿದ ಪಾಠವೇ ಅದು, ಹುಡುಗರಿಗೆ ಎಷ್ಟೋ ಸಲ ಹೇಳಿದ್ದೆ. ಆದರೂ ಹೆಸರುಗಳ ಸಾಲು ಕಂಡರೆ ನನ್ನ ಕೈ ತಾನಾಗಿ ಅಕ್ಷರಗಳ ಕ್ರಮಕ್ಕೆ ಹೋಗುತ್ತದೆ. ಸಾಲನ್ನು ಬದಲಿಸಿ ಕೀಲಿ ಒತ್ತಿದೆ. ಒಂದೂ ದೂರಿಲ್ಲದೆ ಲಿಂಕ್ ಆಯಿತು.

“ಆತು ಉಸ್ತಾದ್!” ಎಂದು ಕೂಗಿದೆ.

“ಆತಾ?” ಎಂದ. “ಶುಕ್ರವಾರ ಬಾ. ನಮಾಜ್ ಮುಗಿಸಿಕೊಂಡು ಕೂಡ್ತೀನಿ.”

ಈ ಸಲ ಪರೀಕ್ಷೆ ಮಾಡದೆ ಹೊರಡಲಿಲ್ಲ. ಸೂಪರ್ ಮಾರ್ಕೆಟ್ ಎಂಬ ಪೇಟೆಯಲ್ಲಿ ನನಗೆ ಪರಿಚಯದ ಜೆರಾಕ್ಸ್ ಅಂಗಡಿ ಇದೆ, ಅಲ್ಲಿಯದು ವಿಂಡೋಸ್ ಮಶೀನು. ಅಂಗಡಿಯವನಿಗೆ ಹೇಳಿ ಪೆನ್‌ಡ್ರೈವ್ ಹಾಕಿಸಿದೆ. ಆಟ ಯಾರನ್ನೂ ಏನೂ ಕೇಳದೆ ತೆರೆದುಕೊಂಡಿತು. ಅಂಗಡಿಯವನು ಬಗ್ಗಿ ನೋಡಿ, “ಚೌಕಾಬಾರಾ ಏನ್ರೀ ಸರ? ಮಸ್ತ್ ಅದ. ಆದ್ರ ಈ ಗೆರಿ ಸೊಟ್ಟ ಆಗ್ಯಾದಲ್ರೀ, ಸರಿ ಮಾಡ್ರಿ,” ಎಂದ.

“ಅದು ಹಂಗೇ ಇರಬೇಕು,” ಎಂದೆ. ಹೀಗೆ ಹೇಳಿದ್ದು ನನ್ನ ಬಾಯಿಗೇ ಹೊಸದೆನಿಸಿತು.

ಶುಕ್ರವಾರ ಮಧ್ಯಾಹ್ನ ಕಮಲಾಪುರ ಮುಟ್ಟಿದಾಗ ಬಿಸಿಲು ಜೋರಾಗಿತ್ತು. ಕೆಂಪು ಮಣ್ಣಿನ ಧೂಳು ಬೂಟಿನ ಮೇಲೆ ಕೂತಿತ್ತು, ಹೊಸ್ತಿಲಲ್ಲಿ ಒರೆಸಿಕೊಂಡೆ. ಅವನು ತೊಳೆದ ಬಿಳಿ ಜುಬ್ಬಾ ಹಾಕಿ, ಮೊದಲಿನಂತೆ ಮೇಜಿನ ಮುಂದೆ ಕುಳಿತಿದ್ದ. ಲ್ಯಾಪ್‌ಟಾಪ್ ತೆರೆದಿತ್ತು. ಭೂತಗನ್ನಡಿ ಮೇಜಿನ ಮೇಲೆ ಇರಲಿಲ್ಲ. ನಾನು ಅದನ್ನು ಗಮನಿಸಿದೆ, ಆದರೆ ಅದರ ಅರ್ಥ ಹೊಳೆಯಲಿಲ್ಲ.

“ಬಂದೇನು ಹವಾಲ್ದಾರ? ಬೂಟ ಒರೆಸೋ ಅವಾಜ್ ಕೇಳ್ತು. ಬರಾತ ತಂದೀದಿ?”

“ತಂದೀನಿ. ಹೊಟ್ಟ್ಯಾಗೇ ಹಾಕ್ಕೊಂಡು ಬಂದಾದ.”

“ಶಾಬಾಷ್. ಹಚ್ಚು.”

ಪೆನ್‌ಡ್ರೈವ್ ಹಾಕಿ ಆಟದ ಮೇಲೆ ಒತ್ತಿದೆ. ಪರದೆ ಒಂದು ಕ್ಷಣ ಕಪ್ಪಾಯಿತು. ಆಮೇಲೆ ಹಸಿರು ನೆಲ ಹರಡಿತು, ಬಿಳಿ ಗೆರೆಗಳು ಒಂದೊಂದಾಗಿ ಮೂಡಿದವು, ಮೂರನೆಯದು ವಾಲಿತು. ನಾಲ್ಕು ಕಟ್ಟೆಗಳಲ್ಲಿ ಕಾಯಿಗಳು ಕೂತವು. ಚೊಕ್ಕವಾಗಿತ್ತು. ನಾನು ಅವನ ಮುಖ ನೋಡಿದೆ. ಅವನು ನೇರ ಪರದೆಯ ಕಡೆಗೇ ಮುಖ ಮಾಡಿ, ಕೈಗಳನ್ನು ತೊಡೆಯ ಮೇಲಿಟ್ಟುಕೊಂಡು ಕುಳಿತಿದ್ದ.

“ಚಾಲೂ ಆತೇನು?” ಎಂದು ಕೇಳಿದ.

ಚಹಾ ಹಿಡಿದು ಬಾಗಿಲಲ್ಲಿ ನಿಂತಿದ್ದ ಮಗಳು ಮೆಲ್ಲಗೆ ಹೇಳಿದಳು, “ಚಾಚಾ, ಅಬ್ಬಾಗ ಈಗ ಏನೂ ಕಾಣಂಗಿಲ್ಲ. ಒಂದು ವಾರ ಆಯ್ತು. ಕಣ್ಣಿನ್ಯಾಗ ರಕ್ತ ತುಂಬ್ಕೊಂಡದ. ನಿಮಗ ಹೇಳಬ್ಯಾಡ ಅಂದಿದ್ರು.”

ಒಂದು ವಾರ. ಲಿಂಕರಿನ ದೂರುಗಳನ್ನು ನಾನು ಓದಿಹೇಳಿದ ಆ ಬೆಳಿಗ್ಗೆಯೂ ಅವನಿಗೆ ಕಾಣುತ್ತಿರಲಿಲ್ಲ.

“ಯಾಕ ಹೇಳಲಿಲ್ಲ?” ಎಂದು ಅವನನ್ನು ಕೇಳಿದೆ.

“ಹೇಳಿದರ ನೀ ಕೆಲಸ ಬಿಡ್ತಿದ್ದಿ. ಡಾಕ್ಟರ್ ಆಪರೇಶನ್ ಅಂತಾರ, ಆದ್ರ ಹಿಂದಿನ ಪರದಾ ಪೂರಾ ಹೋಗ್ಯಾದಂತ, ಆಸೆ ಇಟ್ಕೋಬ್ಯಾಡ್ರಿ ಅಂತನೂ ಅಂತಾರ.” ಆಮೇಲೆ ಮತ್ತೆ ಅದೇ ಪ್ರಶ್ನೆ. “ಚಾಲೂ ಆತೋ ಇಲ್ಲೋ? ಏನೂ ಕೇಳವಲ್ದು.”

“ಚಾಲೂ ಅದ. ಅವಾಜ್ ಇಲ್ಲ ಇದರಾಗ.”

“ಹಾಂ. ನಾನೇ ಬ್ಯಾಡ ಅಂದಿದ್ದೆ.” ಅವನು ಗೋಣು ಹಾಕಿದ. ಹಾಕುತ್ತಲೇ ಇದ್ದ.

ಮೇಜಿನ ಮೇಲೆ ಲ್ಯಾಪ್‌ಟಾಪಿನ ಫ್ಯಾನ್ ತಿರುಗುವ ಸದ್ದೊಂದೇ. ನಾನು ಕವಡೆ ಎಸೆಯುವ ಕೀಲಿ ಒತ್ತಿದೆ. ಪರದೆಯ ಮೇಲೆ ಕವಡೆಗಳು ಉರುಳಿದವು, ಶಬ್ದಕ್ಕೆ ಹೋದ ಕರೆ ಖಾಲಿಯಾಗಿ ಹಿಂತಿರುಗಿತು.

“ಗೆರಿ ಅದನೋ?” ಎಂದ.

“ಅದ. ಸೊಟ್ಟನೇ ಅದ. ನಾ ಮುಟ್ಟಿಲ್ಲ.”

“ತೋರ್ಸು.” ಅವನು ಬಲಗೈಯ ತೋರುಬೆರಳನ್ನು ಮುಂದೆ ಚಾಚಿದ. ನಾನು ಅದನ್ನು ಹಿಡಿದು ಮೂರನೆಯ ಗೆರೆಯ ತುದಿಗೆ ಇಟ್ಟೆ, ಗೆರೆಯ ಉದ್ದಕ್ಕೂ ನಿಧಾನವಾಗಿ ಎಳೆದೆ. ವಾಲುವ ಕಡೆ ನಾನೂ ವಾಲಿಸಿದೆ. ತುದಿ ಮುಟ್ಟಿದ ಮೇಲೆ ಅವನು ತಾನೇ ಇನ್ನೊಮ್ಮೆ ಎಳೆಯಲು ನೋಡಿದ. ಬೆರಳು ಗೆರೆ ಬಿಟ್ಟು ಹಸಿರಿನ ಮೇಲೆ ಹೋಯಿತು, ಅಲ್ಲಿಂದ ಪರದೆಯ ಅಂಚಿಗೆ. ಅವನಿಗೆ ಗೊತ್ತಾಗಲಿಲ್ಲ.

“ಫರ್ಸಿ ಮ್ಯಾಲಿಂದು ಬೆರಳಿಗೆ ಹತ್ತತಿತ್ತು,” ಎಂದ. “ಕತ್ತಲದಾಗೂ ಆಡ್ತಿದ್ದೆವು. ಇದು ಗಾಜು. ಏನೂ ಹತ್ತವಲ್ದು.”

ನಾನು ಅವನ ಬೆರಳನ್ನು ಮತ್ತೆ ಗೆರೆಯ ಮೇಲೆ ತರಲು ಹೋದೆ. ಅವನು ಕೈ ಹಿಂದಕ್ಕೆ ಎಳೆದುಕೊಂಡ.

“ಇರಲಿ. ಬಂದ್ ಮಾಡು. ಬೇಟಿಗೆ ಶಾಲಿ ಕೆಲಸ ಅದ, ಚಾರ್ಜ್ ಹೋಗ್ತದ.”

ಆಟ ಮುಚ್ಚಿದೆ. ಚಹಾ ಕುಡಿದೆವು. ಮಾರ್ಕೆಟ್ಟಿನ ಜೆರಾಕ್ಸ್ ಅಂಗಡಿಯವನು ಗೆರೆ ಸರಿ ಮಾಡಿ ಎಂದದ್ದನ್ನು ಹೇಳಿದೆ. ನಗಬಹುದು ಎಂದುಕೊಂಡಿದ್ದೆ, ಅವನು ನಗಲಿಲ್ಲ. “ಅವನಿಗೆ ಕಾಣ್ತಲ್ಲ,” ಎಂದಷ್ಟೇ ಹೇಳಿದ. ಹೊರಡುವಾಗ ಬಾಗಿಲ ತನಕ ಗೋಡೆ ಹಿಡಿದುಕೊಂಡು ಬಂದ. ಇನ್ನೊಮ್ಮೆ ಬಾ ಎನ್ನಲಿಲ್ಲ. ಬಸ್ಸಿನಲ್ಲಿ ನನ್ನ ಪಕ್ಕದವರು ಬಾಳೆಹಣ್ಣು ತಿಂದು ಸಿಪ್ಪೆಯನ್ನು ಸೀಟಿನ ಕೆಳಗೆ ಹಾಕಿದರು. ಬೇರೆ ದಿನವಾದರೆ ಎತ್ತಿ ಹೊರಗೆ ಹಾಕಿ ಎಂದು ಹೇಳುತ್ತಿದ್ದೆ.

ಮರುದಿನ ನಡಿಗೆ ಮುಗಿಸಿ ಬಂದು ಲೈಬ್ರರಿಯನ್ನು ಶಬ್ದದ ಭಾಗದೊಂದಿಗೆ ಮತ್ತೆ ಕಟ್ಟಲು ಕೂತೆ. ಅವನು ಕೇಳಿರಲಿಲ್ಲ. ಅರ್ಧ ಬಿಟ್ಟ ಕೆಲಸ ಮನೆಯಲ್ಲಿದ್ದರೆ ನನಗೆ ಊಟ ಸೇರದು. ಒಪ್ಪದಿದ್ದ ಆ ಒಂದು ಲೈಬ್ರರಿಯ ಹಳೆಯ ಆವೃತ್ತಿ ಹುಡುಕಿ ತಂದೆ, ಅದು ಕಟ್ಟಿಕೊಂಡಿತು. ಹೆಸರುಗಳನ್ನು ಅವನು ಹೇಳಿದ ಪಾಳಿಯಲ್ಲೇ ನಿಲ್ಲಿಸಿದೆ. ನಡುವಿನ ಫೈಲಿನಲ್ಲಿ ಖಾಲಿ ಬಿಟ್ಟಿದ್ದ ಶಬ್ದದ ಕೆಲಸಗಳನ್ನು ತುಂಬಿದೆ. ಕಾಯಿ ಸುತ್ತು ಮುಗಿಸಿ ನಡುಮನೆ ಸೇರಿದರೆ ಹಣ್ಣಾಗುತ್ತದೆ. ಹಣ್ಣಾದಾಗ ನುಡಿಯಲೆಂದು ಅವನು ಐದು ಸುರಗಳ ಒಂದು ಧಾಟಿ ಬರೆದಿದ್ದ. ಹಳೆಯ ಮಶೀನಿನ ಕೀಚಲು ಸ್ಪೀಕರಿನಲ್ಲಿ ಅದು ಬಂದರೆ ಲ್ಯಾಬಿನ ಹುಡುಗರೆಲ್ಲ ತಿರುಗಿ ನೋಡುತ್ತಿದ್ದರು.

ಫೋನು ಮಾಡಿ ಏನೂ ಹೇಳದೆ ಸ್ಪೀಕರಿನ ಹತ್ತಿರ ಹಿಡಿದೆ. ಕವಡೆ ಉರುಳಿದವು, ಕಾಯಿ ಟಕ್ ಟಕ್ ಎಂದು ನಡೆಯಿತು, ಹಣ್ಣಾಯಿತು. ಐದು ಸುರಗಳೂ ಬಂದವು.

ಫೋನನ್ನು ಕಿವಿಗೆ ಹಿಡಿದೆ.

“ಮೂರನೇ ಸುರ ಉದ್ದ ಆಗ್ಯಾದ,” ಎಂದ.

“ನೀ ಬರದಷ್ಟೇ ಇಟ್ಟೀನಿ.”

“ನಾ ಬರದದ್ದು ನನಗ ಗೊತ್ತಿಲ್ಲೇನು? ಉದ್ದ ಆಗ್ಯಾದ.”

ತೆಗೆದು ನೋಡಿದೆ. ಅವನು ಹೇಳಿದ್ದೇ ಸರಿ. ಶಬ್ದವನ್ನು ಲೈಬ್ರರಿಗೆ ತುಂಡು ತುಂಡಾಗಿ ಕೊಡಬೇಕು. ತುಂಡಿನ ಅಳತೆಗೆ ನಾನು ಕೊಟ್ಟ ಅಂಕಿ ಸರಿಯಾಗಿರಲಿಲ್ಲ, ತುಂಡಿನ ಅಂಚಿಗೆ ಬಿದ್ದ ಮೂರನೆಯ ಸುರ ಎಳೆದುಕೊಂಡಿತ್ತು. ಒಂದೇ ಅಂಕಿ.

“ತಡಿ, ಈಗ ಸರಿ ಮಾಡಿ ಮತ್ತ ಕೇಳಸ್ತೀನಿ,” ಎಂದೆ.

“ಬ್ಯಾಡ,” ಎಂದ. “ಅಮ್ಮೀದು ಗೆರಿ ಸೊಟ್ಟ, ನಿಂದು ಸುರ ಸೊಟ್ಟ. ಇರಲಿ. ಸಾಕಾತು ನನಗ.” ಫೋನನ್ನು ಮಗಳ ಕೈಗೆ ಕೊಟ್ಟ. ಅಬ್ಬಾ ಒಳಗೆ ಹೋಗಿ ಮಲಗಿದರು ಎಂದು ಅವಳು ಹೇಳಿದಳು.

ಈಗಲೂ ನಡಿಗೆ ಮುಗಿದ ಮೇಲೆ ಫೋನು ಮಾಡುತ್ತೇನೆ. ಸಕ್ಕರೆ ಎಷ್ಟಿದೆ, ನಿದ್ದೆ ಬಂತೇ, ಬಿಸಿಲು ಹೇಗಿದೆ, ಇಷ್ಟೇ ಮಾತು. ಆಟದ ವಿಷಯ ಅವನು ಎತ್ತುವುದಿಲ್ಲ, ನಾನೂ ಎತ್ತುವುದಿಲ್ಲ. ಫೋನು ಇಟ್ಟ ಮೇಲೆ ಆ ನಡುವಿನ ಫೈಲು ತೆರೆಯುತ್ತೇನೆ. ಆ ಅಂಕಿ ಅಲ್ಲೇ ಇರುತ್ತದೆ. ಬದಲಿಸಲು ಒಂದು ನಿಮಿಷ ಬೇಡ. ನೋಡಿ, ಹಾಗೇ ಮುಚ್ಚುತ್ತೇನೆ.